ಹಿಂದಿನ ಗಾಲಿಯ ಸ್ವರ ಕೂಡಿತು

ಕೊನೆಗೂ ನಮ್ಮ ಬೈಕಿನ ಹಿಂದಿನ ಗಾಲಿ ಹಟ ಬಿಟ್ಟಿತು. ನಿನ್ನೆ ನಮ್ಮೂರು ವಿಜಯಪುರದಿಂದ ಕೊಲ್ಹಾರ ಸೇತುವೆ ದಾಟಿ ಬಾಗಲಕೋಟೆ, ಅಲ್ಲಿಂದ ಬಾದಾಮಿ, ಸಂಜೆಗೆ ವಾಪಸ್. ಹತ್ತಿರ ಹತ್ತಿರ ಇನ್ನೂರೈವತ್ತು ಕಿಲೋಮೀಟರ್. ನಾನು, ನಮ್ಮ ಮನೆಯವರು ಇಬ್ಬರೂ ಕೂತಿದ್ದೆವು, ಹಿಂದಿನ ಎರಡೂ ಪೆಟ್ಟಿಗೆ ಪೂರ್ತಿ ತುಂಬಿಸಿದ್ದೆವು. ಒಂದೇ ಒಂದು ಸ್ಪೋಕ್, ಅಂದರೆ ಗಾಲಿಯ ಕಡ್ಡಿ, ಮುರಿಯಲಿಲ್ಲ. ಈ ಸಾಲು ಬರೆಯೋಕೆ ಮೂರು ತಿಂಗಳಿಂದ ಕಾಯ್ತಿದ್ದೆ.

ಶುರುವಾಗಿದ್ದು ಜನವರಿಯ ಥಾರ್ ಮರುಭೂಮಿ ಸವಾರಿಯಲ್ಲಿ. ಪುಣೆ, ಅಹಮದಾಬಾದ್, ಬಾರ್ಮೇರ್ ಮೇಲೆ ಜೈಸಲ್ಮೇರ್. ಹೋಗೋಕೇ ಒಂದೂವರೆ ಸಾವಿರ ಕಿಲೋಮೀಟರ್ ಮೇಲಾಯಿತು. ದಾರಿ, ಚಳಿ, ಟೆಂಟ್ ಕತೆ ಬಿಡ್ತೀನಿ. ಸಮ್ ಮರಳು ದಿಬ್ಬಗಳ ಹತ್ತಿರ ಮರಳಿಗಿಳಿಯೋ ಮುಂಚೆ, ಗಾಲಿ ಹೂತುಹೋಗದಿರಲಿ ಅಂತ, ಹಿಂದಿನ ಟೈರಿನ ಗಾಳಿಯ ಒತ್ತಡ 20 ಪಿಎಸ್‌ಐಗೆ ಇಳಿಸಿದೆವು. ಮರಳಲ್ಲಿ ಗಾಡಿ ಬೆಣ್ಣೆಯಂತೆ ಹೋಯಿತು. ಹೊರಗೆ ಬಂದು ಮತ್ತೆ ಗಾಳಿ ತುಂಬೋಣ ಅಂದರೆ ಪಂಪಿನ ಪೈಪು ಬುಡದಲ್ಲೇ ಸೀಳಿತ್ತು. ಹೊಸ ಪಂಪು, ಅವತ್ತೇ ಮೊದಲ ಸಲ ಹೊರಗೆ ತೆಗೆದಿದ್ದು. ಮಾರಿದವನಿಗೆ ಫೋನ್ ಮಾಡಿದರೆ ‘ಮರಳಲ್ಲಿ ಬಳಸಿದ್ದೀರಲ್ಲ ಮೇಡಂ’ ಅಂದ. ಮತ್ತೆಲ್ಲಿ ಬಳಸಬೇಕಿತ್ತು?

ಅದೇ ಕಡಿಮೆ ಗಾಳಿಯಲ್ಲಿ ನಿಧಾನಕ್ಕೆ ಕುಲಧರಾ ಅನ್ನೋ ಪಾಳು ಊರಿನ ಕಡೆ ಹೊರಟೆವು. ಅಲ್ಲಿ ಒಂದು ಕಲ್ಲು ರಿಮ್ಮಿಗೆ, ಅಂದರೆ ಟೈರು ಕೂರೋ ಲೋಹದ ಬಳೆಗೆ, ಬಡಿಯಿತು. ಟಣ್ ಅಂತ ಸದ್ದು ಬಂತು. ಇಳಿದು ನೋಡಿದೆವು, ಟ್ಯೂಬಿಗೆ ಏನೂ ಆಗಿರಲಿಲ್ಲ. ಸಮಾಧಾನವಾಗಿ ಮುಂದೆ ಹೋದೆವು. ತಪ್ಪಾಗಿದ್ದು ಅಲ್ಲೇ.

ಎರಡು ದಿನದ ಮೇಲೆ ಫಲೋದಿ ಹತ್ತಿರದ ಖೀಚನ್‌ನಲ್ಲಿ ಕ್ರೌಂಚ ಹಕ್ಕಿ ನೋಡೋಕೆ ನಿಂತೆವು. ಚಳಿಗಾಲದಲ್ಲಿ ಸಾವಿರಗಟ್ಟಲೆ ಬರ್ತಾವೆ. ಆಕಾಶ ತುಂಬ ಅವುಗಳ ಕೂಗು. ನಮ್ಮ ಮನೆಯವರು ತಲೆ ಎತ್ತಿ ನಿಂತೇ ಬಿಟ್ಟಿದ್ದರು. ನಾನು ರೊಟ್ಟಿ ಡಬ್ಬಿ ತೆಗೆದೆ. ನಾಲ್ಕು ದಿನ ಗಟ್ಟಿಯಾಗಿದ್ದ ಖಡಕ್ ರೊಟ್ಟಿ ಅವತ್ತು ನುಚ್ಚುನುಚ್ಚಾಗಿತ್ತು. ಶೇಂಗಾ ಚಟ್ನಿಯಲ್ಲಿ ಕಲಸಿ ಚಮಚದಲ್ಲಿ ತಿನ್ನೋ ಹಾಗೆ. ಇಷ್ಟು ಅದುರಿದ್ದು ಯಾಕೆ ಅಂತ ಬಗ್ಗಿ ನೋಡಿದರೆ ಒಂದು ಸ್ಪೋಕ್ ಗಾಲಿಯ ನಡುವಿನ ಹಬ್ಬಿನ ಹತ್ತಿರ ಮುರಿದು ಜೋತಾಡ್ತಿತ್ತು. ಪಕ್ಕದ ಸ್ಪೋಕಿಗೆ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿ ಜೋಧಪುರ ಮುಟ್ಟಿದೆವು. ಅಲ್ಲಿ ಹೊಸದು ಹಾಕಿಸಿಕೊಂಡು ಜೈಪುರಕ್ಕೆ ಹೋಗಿ 52ನೇ ಹೆದ್ದಾರಿ ಹಿಡಿದೆವು. ಇಂದೋರ್, ಧುಳೆ, ಸೊಲ್ಲಾಪುರ, ಆಮೇಲೆ ನಮ್ಮೂರು. ಜೈಪುರದಲ್ಲಿ ಹತ್ತಿದ ರಸ್ತೆ ನಮ್ಮೂರಿಗೇ ತಂದು ಬಿಡುತ್ತೆ ಅನ್ನೋದು ಎಷ್ಟು ಖುಷಿ ಅಂತೀರಿ!

ಮುಗೀತು ಅಂದುಕೊಂಡಿದ್ದೆ. ಫೆಬ್ರವರಿಯಲ್ಲಿ ಆಲಮಟ್ಟಿಗೆ ಹೋದಾಗ ಇನ್ನೊಂದು ಮುರಿಯಿತು. ಮಾರ್ಚ್‌ನಲ್ಲಿ ಕೊಲ್ಹಾರದ ಹತ್ತಿರ ಮತ್ತೊಂದು. ಎರಡು ಸಲವೂ ಗಾಲಿ ಬಿಚ್ಚಿಸಿ ಔಟ್ ತೆಗೆಸಿದ್ದೆ, ಅಂದರೆ ಓಲಾಟ ಸರಿ ಮಾಡಿಸಿದ್ದೆ. ಎರಡು ಸಲವೂ ಗಾಲಿ ಓಲಾಡದೆ ತಿರುಗ್ತಿತ್ತು. ಮತ್ತೆ ಯಾಕೆ ಮುರಿಯುತ್ತೆ? ‘ಭಾರ ಜಾಸ್ತಿ, ಹಿಂದೆ ಕೂರಬೇಡಿ’ ಅಂದರು ಅಂಗಡಿಯಲ್ಲಿ. ಆ ಮಾತು ನನಗೆ ಚುಚ್ಚಿತು. ನಾವು ಗಾಡಿ ತಗೊಂಡಿದ್ದೇ ಇಬ್ಬರೂ ಹೋಗೋಕೆ.

ಒಂದು ಭಾನುವಾರ ಅಂಗಳದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಗಾಲಿ ತಿರುಗಿಸ್ತಾ ಕೂತಿದ್ದೆ. ಬೇಜಾರಿಗೆ ಸ್ಪ್ಯಾನರಿನಿಂದ ಸ್ಪೋಕುಗಳನ್ನು ಒಂದೊಂದಾಗಿ ಬಡೀತಿದ್ದೆ. ನಮ್ಮ ಮನೆಯವರು ಭಜನೆಗೆ ತಬಲಾ ನುಡಿಸ್ತಾರೆ. ಒಳಗಿಂದಲೇ ಕೂಗಿದರು: ‘ಏನ್ ಬಡ್ಯಾಕತ್ತಿ? ಒಂದಕ್ಕೊಂದು ಸ್ವರ ಕೂಡವಲ್ದು ನೋಡು!’

ಹೊರಗೆ ಬಂದು ತಾವೇ ಸ್ಪ್ಯಾನರ್ ತಗೊಂಡರು. ಕಣ್ಣು ಮುಚ್ಚಿ ಒಂದು ಸುತ್ತು ಬಡಿದರು. ಕೆಲವು ‘ಟಿಣ್’ ಅಂದವು, ಕೆಲವು ‘ಟಪ್’. ಟಪ್ ಅಂದ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಹಾಕಿದೆ. 36ರಲ್ಲಿ ಒಂಬತ್ತು ಗೆರೆ. ಅದರಲ್ಲಿ ಏಳು ಒಂದೇ ಕಡೆ, ಕಲ್ಲು ಬಡಿದ ಜಾಗದ ಎರಡೂ ಬದಿಗೆ!

ಆಗ ಹೊಳೀತು. ಸ್ಪೋಕ್ ಮುರಿಯೋದು ಬರೀ ಭಾರಕ್ಕಲ್ಲ, ಸಡಿಲಾಗಿದ್ದರೆ. ಗಾಲಿ ಒಂದು ಸುತ್ತು ತಿರುಗಿದಾಗ ಪ್ರತಿ ಸ್ಪೋಕೂ ನೆಲದ ಕಡೆ ಬಂದಾಗ ಸಡಿಲಾಗಿ, ದಾಟಿದ ಮೇಲೆ ಮತ್ತೆ ಬಿಗಿಯಾಗುತ್ತೆ. ಮೊದಲೇ ಬಿಗಿ ಇದ್ದರೆ ತಡೆಯುತ್ತೆ. ಸಡಿಲಿದ್ದರೆ ಹಬ್ಬಿನ ಹತ್ತಿರದ ಬಾಗಿನಲ್ಲಿ ಅಲುಗಾಡಿ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ ಮುರಿಯುತ್ತೆ. ನಮ್ಮ ಟೈರಿನ ಸುತ್ತಳತೆ ಸುಮಾರು 2 ಮೀಟರ್. ಅಂದರೆ ಕಿಲೋಮೀಟರಿಗೆ 500 ಸಲ. ನೂರು ಕಿಲೋಮೀಟರಿಗೆ 50,000 ಸಲ. ಇನ್ನು ಉಳಿದೀತೆ?

ಔಟ್ ತೆಗೆದವರು ಕಲ್ಲು ಬಡಿದು ತಗ್ಗಾದ ರಿಮ್ಮನ್ನು ಸ್ಪೋಕಿನಿಂದಲೇ ಎಳೆದು ನೇರ ಮಾಡಿದ್ದರು. ಕೆಲವು ಅತಿ ಬಿಗಿ, ಕೆಲವು ಪೂರ್ತಿ ಸಡಿಲ. ಕಣ್ಣಿಗೆ ಗಾಲಿ ನೇರ, ಕಿವಿಗೆ ಅಲ್ಲ. ಹೊಸ ರಿಮ್ಮೇ ಬೇಕಿತ್ತು.

ರಿಮ್ಮಿನ ಕತೆ ಕೇಳಿ. ತರಿಸಿದ್ದು 17 ಇಂಚು, ಬಂದಿದ್ದು 18. ಅದು ವಾಪಸ್ ಹೋಗಿ ಸರಿಯಾದದ್ದು ಬರೋಕೆ ಹದಿನೆಂಟು ದಿನ. ಸ್ಪೋಕ್ ಕಟ್ಟಿನ ಮೇಲೆ ಅಳತೆ ಸರಿಯಾಗೇ ಬರೆದಿತ್ತು, ಒಳಗಿದ್ದವು 2 ಮಿಲಿಮೀಟರ್ ಗಿಡ್ಡ. ಕೊನೆಗೆ ಹಳೇ ಸ್ಪೋಕನ್ನೇ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬೆಳಗಾವಿಗೆ ಹೋದೆ. ಅಲ್ಲಿ ಒಬ್ಬ ಹಿರಿಯರು ಕ್ಯಾಲಿಪರ್ ಹಿಡಿದು ಬಾಗಿನಿಂದ ತುದಿವರೆಗೆ ಅಳೆದು, ಒಂದೊಂದನ್ನೂ ನೋಡಿ 40 ಆರಿಸಿ ಕೊಟ್ಟರು. ಅಂಥವರು ಇರೋದಕ್ಕೇ ಈ ಹವ್ಯಾಸ ನಡೀತಿದೆ.

ರಿಮ್ಮಿಗೆ ಸ್ಪೋಕ್ ಹೆಣೆದ ಕತೆ ಬಿಡ್ತೀನಿ. ಬಿಗಿ ಮಾಡಿದ ರೀತಿ ಮಾತ್ರ ಹೇಳ್ತೀನಿ. ತಬಲಾದ ಅಂಚಿನ ಸುತ್ತ 16 ಜಾಗ, ಅವಕ್ಕೆ ‘ಮನೆ’ ಅಂತಾರೆ. ಒಂದು ಮನೆಗೆ ಸುತ್ತಿಗೆ ಹಾಕಿದರೆ ಅದರ ಎದುರಿನದಕ್ಕೂ ಹಾಕಬೇಕು, ಸುತ್ತಲೂ ಒಂದೇ ಸ್ವರ ಬರೋ ತನಕ. ನಾವೂ ಹಾಗೇ ಮಾಡಿದೆವು. ಗಾಳಿ ತುಂಬೋ ವಾಲ್ವ್ ತೂತಿನಿಂದ ಶುರು, ಸಲಕ್ಕೆ ಕಾಲು ಸುತ್ತು. ಒಂದು ಬದಿಯ ಸ್ಪೋಕನ್ನು ಅದೇ ಬದಿಯವುಗಳ ಜೊತೆ ಮಾತ್ರ ಹೋಲಿಸಿದೆವು. ಸ್ಪೋಕುಗಳು ಒಂದರ ಮೇಲೊಂದು ಹಾಯೋ ಜಾಗದಲ್ಲಿ ಸದ್ದು ಸಾಯುತ್ತೆ, ಅದಕ್ಕೆ ಅಲ್ಲಿ ಬಡಿಯಬಾರದು. ಆಮೇಲೆ ಎರಡೆರಡು ಸ್ಪೋಕ್ ಹಿಡಿದು ಗಟ್ಟಿಯಾಗಿ ಹಿಸುಕಿದೆ. ಸ್ವರ ಇಳಿಯಿತು. ಮತ್ತೆ ಬಿಗಿ ಮಾಡಿದೆವು. ಹೀಗೆ ಮೂರು ಸಲ. ನಡುವೆ ಎರಡು ಸಲ ಚಹಾ. ನಾನು ಸ್ಪೋಕಿನ ತುದಿಯ ನಟ್ಟು, ನಿಪ್ಪಲ್, ತಿರುಗಿಸೋದು, ಅವರು ‘ಇನ್ನs ಒಂಚೂರು… ಹಾಂ, ಸಾಕು’ ಅನ್ನೋದು. ರಾತ್ರಿ ಹತ್ತಕ್ಕೆ ಗಾಲಿ ತಿರುಗಿಸಿ ಸ್ಪ್ಯಾನರ್ ತುದಿ ತಾಗಿಸಿದಾಗ ಸುತ್ತಲೂ ಒಂದೇ ನಾದ ಬಂತು. ಇಬ್ಬರೂ ಮಾತಾಡದೆ ಕೇಳಿದೆವು.

ಈ ಧೈರ್ಯದಲ್ಲೇ ಡಿಸೆಂಬರಿಗೆ ಗುಜರಾತಿನ ಕಛ್ ನಕ್ಷೆ ಹರಡಿದ್ದೇನೆ. ಖಾವ್ಡಾದಿಂದ ಧೋಲಾವೀರಾಕ್ಕೆ ಬಿಳಿ ರಣದ, ಅಂದರೆ ಉಪ್ಪಿನ ಬಯಲಿನ, ನಡುವೆ ಸೀಳಿ ಹೋಗೋ ರಸ್ತೆ. ಧೋಲಾವೀರಾದಲ್ಲಿ ಹರಪ್ಪ ಕಾಲದವರು ಕಟ್ಟಿದ ನೀರಿನ ಕಟ್ಟೆಗಳಿವೆ. 2021ರಲ್ಲಿ ಆ ಜಾಗ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮೂರಿನ ಹಳೇ ಬಾವಿ ತಾಜ್ ಬಾವಡಿಯ ಮೆಟ್ಟಿಲ ಮೇಲೆ ಆಡಿ ಬೆಳೆದವಳು ನಾನು, ಆ ಕಟ್ಟೆ ನೋಡದೆ ಇರೋಕೆ ಆಗಲ್ಲ. ಆದರೆ ಅಲ್ಲಿ ಉಪ್ಪು. ಸ್ಪೋಕಿಗೂ ಚೈನಿಗೂ ಏನು ಹಚ್ಚಬೇಕು ಅನ್ನೋದು ಮುಂದಿನ ತಲೆನೋವು. ತುಕ್ಕು ಹಿಡಿಯದ ಸ್ಟೀಲಿನ ಸ್ಪೋಕ್ ಹಾಕಿದವರು ಯಾರಾದರೂ ಇದ್ದರೆ ಹೇಳಿ.

ಇವತ್ತು ಬೆಳಗ್ಗೆ ಮತ್ತೆ ಒಂದು ಸುತ್ತು ಬಡಿದು ನೋಡಿದೆವು. ವಾಲ್ವಿನಿಂದ ಐದನೇದು ಕೊಂಚ ಇಳಿದಿತ್ತು. ಕಾಲು ಸುತ್ತು ಕೊಟ್ಟೆ. ಸೀಮೆಸುಣ್ಣ ಮತ್ತು ಸಣ್ಣ ಸ್ಪ್ಯಾನರ್ ಈಗ ಟ್ಯಾಂಕ್ ಚೀಲದಲ್ಲಿ, ರೊಟ್ಟಿ ಡಬ್ಬಿಯ ಪಕ್ಕ.