ಮೈಸೂರಿನ ದತ್ತಕಕ್ಕೆ ಮನ್ನಣೆ ಸಿಗದೆ ಹೋಗಿದ್ದರೆ

ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ‘ಸಂತಾನಾಂಬುಜ’ ಎಂಬ ಚಿತ್ರವಿದೆ. ಅರಳಿದ ತಾವರೆಯ ನಟ್ಟನಡುವೆ ಮುಮ್ಮಡಿ ಕೃಷ್ಣರಾಜ ಒಡೆಯರು, ಸುತ್ತಲಿನ ದಳಗಳಲ್ಲಿ ಅವರ ವಂಶದ ಹಿರಿಯರು. ಆ ಚಿತ್ರದ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಏಕೆಂದರೆ ತನ್ನ ವಂಶಾವಳಿಯನ್ನು ಇಷ್ಟು ಅಕ್ಕರೆಯಿಂದ ಬರೆಸಿದ ದೊರೆಗೆ ಪಟ್ಟಕ್ಕೆ ಬರಬಲ್ಲ ಔರಸ ಪುತ್ರನೇ ಇರಲಿಲ್ಲ.

1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟವೇರಿದ ಅವರ ಕೈಯಿಂದ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಆಡಳಿತವನ್ನು ಕಿತ್ತುಕೊಂಡಿತ್ತು. ಉಳಿದಿದ್ದು ಸಿಂಹಾಸನ ಮಾತ್ರ. ಸಾತಾರಾ, ಝಾನ್ಸಿ, ನಾಗಪುರಗಳನ್ನು ವಾರಸುದಾರರಿಲ್ಲವೆಂಬ ನೆಪದಲ್ಲಿ ನುಂಗಿದ್ದ ಗವರ್ನರ್ ಜನರಲ್ ಡಾಲ್‌ಹೌಸಿ, ರಾಜರ ಕಾಲಾನಂತರ ಮೈಸೂರೂ ಹಾಗೆಯೇ ಕೈಸೇರುತ್ತದೆಂದು ಎಣಿಸಿದ್ದ. 1857ರ ದಂಗೆಯ ನಂತರ ಅನೇಕ ಸಂಸ್ಥಾನಿಕರಿಗೆ ದತ್ತು ಸ್ವೀಕಾರಕ್ಕೆ ಒಪ್ಪಿಗೆ ಕೊಡುವ ಸನ್ನದು ದೊರೆತಾಗಲೂ ಮೈಸೂರಿಗೆ ಅದು ಬರಲಿಲ್ಲ. ಆದರೂ ಎಪ್ಪತ್ತು ತುಂಬಿದ ರಾಜರು 1865ರ ಜೂನ್‌ನಲ್ಲಿ ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯಲ್ಲಿದ್ದ ವೈಸರಾಯ್ ಜಾನ್ ಲಾರೆನ್ಸ್ ಅದನ್ನು ಒಪ್ಪಲಿಲ್ಲ. 1867ರಲ್ಲಿ ಲಂಡನ್ನಿನ ಸರ್ಕಾರ ಒಪ್ಪಿತು. ಮರುವರ್ಷ ಮಾರ್ಚ್‌ನಲ್ಲಿ ರಾಜರು ತೀರಿಕೊಂಡರು, ಸೆಪ್ಟೆಂಬರ್‌ನಲ್ಲಿ ಆ ದತ್ತುಪುತ್ರ, ಐದು ವರ್ಷದ ಚಾಮರಾಜೇಂದ್ರರಿಗೆ ಪಟ್ಟವಾಯಿತು, 1881ರಲ್ಲಿ ರಾಜ್ಯವೂ ಮರಳಿ ಬಂತು.

ಲಂಡನ್ ಕೂಡ ಕಲ್ಕತ್ತೆಯ ಮಾತನ್ನೇ ಎತ್ತಿಹಿಡಿದಿದ್ದರೆ? ಇಲ್ಲಿ ಕಲ್ಪನೆಗೆ ಹೆಚ್ಚು ಕೆಲಸವಿಲ್ಲ. 1860ರಲ್ಲೇ ಮೈಸೂರನ್ನು ಮದ್ರಾಸು ಸರ್ಕಾರದ ಅಧೀನಕ್ಕೆ ಒಪ್ಪಿಸುವ ತೀರ್ಮಾನವಾಗಿತ್ತು. ರಾಜರು ಪ್ರತಿಭಟಿಸಿದರು, ಕಮಿಷನರ್ ಮಾರ್ಕ್ ಕಬ್ಬನ್ ರಾಜೀನಾಮೆಗೆ ಮುಂದಾದರು, ಗವರ್ನರ್ ಜನರಲ್ ಕ್ಯಾನಿಂಗ್ ಆ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡ. ಸಿಂಹಾಸನವೇ ಇಲ್ಲವಾದ ಮೇಲೆ ಪ್ರತಿಭಟಿಸುವವರು ಯಾರು? ಆ ಕಡತ ಮತ್ತೆ ತೆರೆದುಕೊಳ್ಳುತ್ತಿತ್ತು, ಮೈಸೂರು ಮದ್ರಾಸು ಪ್ರಾಂತ್ಯದ ವಾಯವ್ಯ ಮೂಲೆಯ ಕೆಲವು ಜಿಲ್ಲೆಗಳಾಗಿ ಉಳಿಯುತ್ತಿತ್ತು ಎಂದೇ ನನ್ನ ನಂಬಿಕೆ.

ಹಾಗಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಬಳ್ಳಾರಿಯೇ ಸಾಕ್ಷಿ. 1800ರಲ್ಲಿ ನಿಜಾಮನಿಂದ ಕಂಪನಿಗೆ ಸಂದ ಆ ಸೀಮೆ 1953ರವರೆಗೂ ಮದ್ರಾಸಿನ ಆಡಳಿತದಲ್ಲಿತ್ತು; ತಮಿಳು, ತೆಲುಗು, ಮಲಯಾಳಗಳ ನಡುವೆ ಕನ್ನಡ ಅಲ್ಲಿ ಒಂದು ಅಂಚಿನ ಭಾಷೆ. ಅತ್ತ ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿಗಳಲ್ಲಿ ಕನ್ನಡ ಶಾಲೆಗಳಿಗಾಗಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರು ಮರಾಠಿಯ ಪ್ರಾಬಲ್ಯದ ಎದುರು ಹೋರಾಡಬೇಕಾಯಿತು. ತನ್ನದೇ ಖಜಾನೆ, ತನ್ನದೇ ದಿವಾನರು, 1881ರಿಂದ ತನ್ನದೇ ಪ್ರಜಾಪ್ರತಿನಿಧಿ ಸಭೆ ಇದ್ದ ಕನ್ನಡದ ದೊಡ್ಡ ನಾಡೆಂದರೆ ಮೈಸೂರು ಒಂದೇ.

ಎಲ್ಲವನ್ನೂ ಸಿಂಹಾಸನದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಕೋಲಾರದ ಚಿನ್ನವನ್ನು ಬ್ರಿಟಿಷ್ ಕಂಪನಿಗಳು ಹೇಗಿದ್ದರೂ ಅಗೆಯುತ್ತಿದ್ದವು. 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ಹರಿದ ವಿದ್ಯುತ್ತೂ ಒಂದಲ್ಲ ಒಂದು ದಿನ ಬರುತ್ತಿತ್ತು. ಆದರೆ ಆ ಚಿನ್ನದ ರಾಜಧನ ಮೈಸೂರಿನ ಬೊಕ್ಕಸಕ್ಕೆ ಬೀಳುತ್ತಿರಲಿಲ್ಲ. 1916ರ ಮೈಸೂರು ವಿಶ್ವವಿದ್ಯಾನಿಲಯ, ಅದಕ್ಕೆ ಹಿಂದಿನ ವರ್ಷ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು, ಇವು ಹುಟ್ಟಬಹುದಾಗಿದ್ದರೂ ಯಾರ ಆಶ್ರಯದಲ್ಲಿ? ಕಾವೇರಿಯ ವಿಷಯದಲ್ಲಂತೂ ಮದ್ರಾಸಿನೊಡನೆ ಆದ 1892 ಮತ್ತು 1924ರ ಒಪ್ಪಂದಗಳು ಎಷ್ಟೇ ಅಸಮವಾಗಿದ್ದರೂ ಮೈಸೂರು ಅಲ್ಲಿ ಒಂದು ಕಕ್ಷಿಯಾಗಿ ಕುಳಿತಿತ್ತು. ಮದ್ರಾಸಿನ ಜಿಲ್ಲೆಯಾಗಿದ್ದರೆ ಒಪ್ಪಂದದ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಣೆಕಟ್ಟು ಎಲ್ಲಿ, ಯಾರ ಗದ್ದೆಗೆ ನೀರು ಎಂಬುದನ್ನು ಮದ್ರಾಸಿನ ಲೋಕೋಪಯೋಗಿ ಇಲಾಖೆ ನಿರ್ಧರಿಸುತ್ತಿತ್ತು.

ಯಾವ ಅರಸನೂ ಇಲ್ಲದ ಧಾರವಾಡದಲ್ಲಿ 1890ರಲ್ಲೇ ವಿದ್ಯಾವರ್ಧಕ ಸಂಘ ಕಟ್ಟಿದವರು, ಏಕೀಕರಣದ ಕೂಗೆಬ್ಬಿಸಿದವರು ಅಲ್ಲಿನ ಜನರೇ ಅಲ್ಲವೆ ಎಂದು ಕೇಳಬಹುದು. ನಿಜ, ಆ ಋಣ ದೊಡ್ಡದು. ಆದರೆ ಒಂದಾಗುವುದಕ್ಕೆ ಮೊದಲೇ ನೆಲೆಯೂರಿದ ಒಂದು ಒಡಲು ಬೇಕಿತ್ತು. 1953ರಲ್ಲಿ ಆಂಧ್ರ ಬೇರೆಯಾದಾಗ ಬಳ್ಳಾರಿ ಮೈಸೂರಿಗೆ ಬಂತು. ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮೈಸೂರೂ ಮದ್ರಾಸಿನ ಜಿಲ್ಲೆಗಳ ಪಟ್ಟಿಯಲ್ಲಿದ್ದಿದ್ದರೆ ಅದೇ ತಕ್ಕಡಿ ತೆಲುಗು ಮನೆಮಾತಿನ ಕೋಲಾರದಲ್ಲಿ, ತಮಿಳು ಮಾತಾಡುವ ಗಣಿಯ ಕಾಲೊನಿಗಳಲ್ಲಿ, ಬೆಂಗಳೂರಿನ ದಂಡುಪ್ರದೇಶದಲ್ಲಿ ತೂಗುತ್ತಿತ್ತು; ಮದ್ರಾಸು ಪಟ್ಟಣಕ್ಕಾಗಿ ತೆಲುಗರಿಗೂ ತಮಿಳರಿಗೂ ನಡೆದಂಥ ಜಗಳ ಬೆಂಗಳೂರಿಗಾಗಿಯೂ ನಡೆಯುತ್ತಿತ್ತು.