ಬರೆಯದಿದ್ದರೆ ಮಾಡಿಲ್ಲ: ನರ್ಸಿಂಗ್ ಪ್ರಶಸ್ತಿಗೆ ಹೆಸರು ಕಳಿಸುವವರಿಗೆ

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹಿರಿಯ ಸಿಸ್ಟರ್ ಹೇಳಿಕೊಡುವ ಮೊದಲ ಮಾತು ಎಲ್ಲ ವಾರ್ಡುಗಳಲ್ಲೂ ಒಂದೇ: ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ರಾತ್ರಿ 2 ಗಂಟೆಗೆ ಕೊಟ್ಟ ಇಂಜೆಕ್ಷನ್, ರೋಗಿಯ ಮಗ್ಗುಲು ಬದಲಿಸಿದ ಹೊತ್ತು, ಮೂತ್ರದ ಚೀಲದಲ್ಲಿ ಎಷ್ಟು ಎಂಎಲ್ ಇತ್ತು, ಎಲ್ಲವೂ ಶೀಟಿಗೆ ಏರಬೇಕು. ಇಷ್ಟು ಕಟ್ಟುನಿಟ್ಟಾಗಿ ಬರೆಯುವವರೇ ತಮ್ಮ ಇಪ್ಪತ್ತು ವರ್ಷದ ಕೆಲಸವನ್ನು ಪ್ರಶಸ್ತಿಯ ಅರ್ಜಿಯಲ್ಲಿ ‘ನಿಷ್ಠೆಯಿಂದ ಸೇವೆ ಸಲ್ಲಿಸಿದ್ದೇನೆ’ ಎಂಬ ಒಂದು ಸಾಲಿಗೆ ಇಳಿಸಿಬಿಡುತ್ತಾರೆ. ಆಯ್ಕೆ ಸಮಿತಿಯಲ್ಲಿ ಕೂತವರು ಆ ವಾರ್ಡನ್ನು ನೋಡಿರುವುದಿಲ್ಲ, ಆ ಉಪಕೇಂದ್ರದ ದಾರಿಯಲ್ಲಿ ನಡೆದಿರುವುದಿಲ್ಲ. ಅವರ ಕೈಯಲ್ಲಿರುವುದು ಕಾಗದ ಮಾತ್ರ. ದೊಡ್ಡ ಕೆಲಸ ಮಾಡಿದವರ ಅರ್ಜಿ ಬದಿಗೆ ಸರಿಯುವುದು ಬಹಳ ಸಲ ಇಲ್ಲಿಯೇ.

ನಮ್ಮ ದೇಶದಲ್ಲಿ ಈ ವೃತ್ತಿಗೆ ಸಿಗುವ ದೊಡ್ಡ ಸರ್ಕಾರಿ ಗೌರವ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯ 1973ರಲ್ಲಿ ಇದನ್ನು ಆರಂಭಿಸಿತು. ರಾಷ್ಟ್ರಪತಿಗಳು ಪ್ರದಾನ ಮಾಡುತ್ತಾರೆ. ಪ್ರಮಾಣಪತ್ರ, ಪದಕ, 1 ಲಕ್ಷ ರೂಪಾಯಿ ಕೊಡುತ್ತಾರೆ. 2024ರಲ್ಲೂ 2025ರಲ್ಲೂ ಇಡೀ ದೇಶದಿಂದ ಆಯ್ಕೆಯಾದವರು 15 ಮಂದಿ. ಇದು ದೊಡ್ಡಾಸ್ಪತ್ರೆಯ ಸ್ಟಾಫ್ ನರ್ಸುಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದೆ. ಹಾಗಿಲ್ಲ. ಎಎನ್‌ಎಂ, ಅಂದರೆ ಹಳ್ಳಿಯ ಉಪಕೇಂದ್ರಗಳ ನರ್ಸುಗಳು, ಈಗ ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಕರೆಸಿಕೊಳ್ಳುವವರು, ಮತ್ತು ಅವರ ಮೇಲ್ವಿಚಾರಣೆ ನೋಡುವ ಎಲ್‌ಎಚ್‌ವಿಗಳು ಸಹ ಇದರ ವ್ಯಾಪ್ತಿಯಲ್ಲಿದ್ದಾರೆ. ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವವರಿಗೂ ಅವಕಾಶವಿದೆ.

ಮೊದಲು ದಾಖಲೆಯ ವಿಷಯ ಮುಗಿಸಿಬಿಡೋಣ. ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿರಬೇಕು. ನವೀಕರಣದ ಅವಧಿ ಮುಗಿದದ್ದು ಅರ್ಜಿ ತುಂಬುವ ದಿನವೇ ಗೊತ್ತಾಗುವುದುಂಟು, ಆಗ ಓಡಾಡಿದರೂ ಕೈಗೆ ಸಿಗುವುದಿಲ್ಲ. ಇನ್ನೊಂದು ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಕೌನ್ಸಿಲ್ ಪ್ರಮಾಣಪತ್ರದಲ್ಲಿ ಇನ್ನೊಂದು ಕಾಗುಣಿತ. ಮೂರೂ ಒಬ್ಬರದೇ ಎಂದು ಸಾಬೀತು ಮಾಡುವ ಕೆಲಸ ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ. ಸರ್ಕಾರಿ ಸೇವೆಯಲ್ಲಿರುವವರು ಇಲಾಖಾ ವಿಚಾರಣೆ ಬಾಕಿ ಇಲ್ಲ ಎಂಬ ಪತ್ರ, ಹಿಂದಿನ ವರ್ಷಗಳ ಕಾರ್ಯನಿರ್ವಹಣಾ ವರದಿ, ಸೇವಾ ಪುಸ್ತಕದ ಪ್ರತಿ ಇವನ್ನು ಮೊದಲೇ ಒಟ್ಟುಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು. ಕಡತ ಮೇಜಿನಿಂದ ಮೇಜಿಗೆ ಹೋಗಲು ಹಿಡಿಯುವ ದಿನಗಳನ್ನು ಲೆಕ್ಕ ಹಾಕಿದರೆ, ಅಧಿಸೂಚನೆ ಬಂದ ಮೇಲೆ ಶುರುಮಾಡುವುದು ತಡವೇ.

ಇನ್ನು ಬರವಣಿಗೆ. ಇಲ್ಲಿ ನಿಧಾನಿಸಬೇಕು.

ಎಎನ್‌ಎಂ ಒಬ್ಬರ ಅರ್ಜಿಯಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಹೀಗಿರುತ್ತದೆ: ‘ತಾಯಿ ಮತ್ತು ಮಗುವಿನ ಆರೋಗ್ಯಕ್ಕಾಗಿ ಹಗಲಿರುಳು ಶ್ರಮಿಸಿದ್ದಾರೆ.’ ಇದರಲ್ಲಿ ಸುಳ್ಳಿಲ್ಲ. ಆದರೆ ಈ ಸಾಲನ್ನು ರಾಜ್ಯದ ಯಾವ ಎಎನ್‌ಎಂ ಹೆಸರಿನ ಮುಂದೆ ಇಟ್ಟರೂ ಕೂರುತ್ತದೆ, ಅದೇ ದೋಷ. ಅದೇ ಕೆಲಸವನ್ನು ಹೀಗೆ ಬರೆದು ನೋಡಿ. ಅಂಕಿಗಳು ಮಾದರಿಗಾಗಿ ಕಟ್ಟಿದವು.

‘4,800 ಜನಸಂಖ್ಯೆಯ ಉಪಕೇಂದ್ರ. 2021–22ರಲ್ಲಿ ನೋಂದಣಿಯಾದ 84 ಗರ್ಭಿಣಿಯರಲ್ಲಿ ಮೊದಲ 12 ವಾರದೊಳಗೆ ಬಂದವರು 51. ತಡವಾದವರ ತಾಯಿ ಕಾರ್ಡುಗಳನ್ನು ಬೇರೆ ತೆಗೆದಿಟ್ಟು ನೋಡಿದಾಗ, ಹೆಚ್ಚಿನವರು ಕಬ್ಬು ಕಟಾವಿಗೆ ಗುಳೆ ಹೋಗುವ ಮನೆಗಳವರು. ಮರುವರ್ಷದಿಂದ ಆಶಾ ಕಾರ್ಯಕರ್ತೆಯರ ಜೊತೆ ದಸರೆಗೆ ಮೊದಲೇ ಆ ಮನೆಗಳ ಪಟ್ಟಿ ಮಾಡಿ, ಮುಟ್ಟು ತಪ್ಪಿದ್ದರೆ ಅಲ್ಲಿಯೇ ಪರೀಕ್ಷೆ, ಹಿಮೋಗ್ಲೋಬಿನ್, ಕಬ್ಬಿಣದ ಮಾತ್ರೆ, ಹೋಗುವ ಊರಿನ ಆರೋಗ್ಯ ಕೇಂದ್ರದ ಹೆಸರು ಬರೆದ ಚೀಟಿ ಕೊಟ್ಟರು. 2023–24ರಲ್ಲಿ 79 ಗರ್ಭಿಣಿಯರಲ್ಲಿ 70 ಮಂದಿ 12 ವಾರದೊಳಗೆ ನೋಂದಣಿಯಾದರು.’

ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಎರಡನೆಯದರಲ್ಲಿ ಹೊಗಳಿಕೆಯ ಮಾತು ಒಂದೂ ಇಲ್ಲ. ಆದರೂ ಓದಿದವರಿಗೆ ಆ ಹೆಣ್ಣುಮಗಳ ಜಾಣತನ ತಿಳಿಯುತ್ತದೆ: ಕಾರ್ಡುಗಳನ್ನು ಬೇರೆ ತೆಗೆದಿಟ್ಟು ನೋಡಿದಳಲ್ಲ, ಅಲ್ಲಿ. ಸಮಿತಿ ಹುಡುಕುವುದು ಅದನ್ನೇ. ಮೊದಲು ಹೇಗಿತ್ತು, ಏಕೆ ಹಾಗಿತ್ತು, ಇವರು ಏನು ಬದಲಿಸಿದರು, ಆಮೇಲೆ ಏನಾಯಿತು. ಈ ನಾಲ್ಕರಲ್ಲಿ ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಕಾರಣ ಕಂಡುಹಿಡಿದದ್ದೇ ಅರ್ಧ ಸೇವೆ, ಅದನ್ನು ಬಿಟ್ಟರೆ ಉಳಿಯುವುದು ಇಲಾಖೆಯ ಗುರಿ ಮುಟ್ಟಿದ ವರದಿ ಮಾತ್ರ.

ಇನ್ನೊಂದು ಎಚ್ಚರ: ‘70 ಮಂದಿ’ ಎಂದು ಬರೆದರೆ ಸಾಲದು, ‘79ರಲ್ಲಿ 70’ ಎಂದೇ ಬರೆಯಬೇಕು. ‘5,000 ಮಕ್ಕಳಿಗೆ ಲಸಿಕೆ ಹಾಕಿದ್ದಾರೆ’ ಎಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ವರ್ಷದಲ್ಲಿ? ಎಷ್ಟು ಮಕ್ಕಳಲ್ಲಿ? ಬಿಟ್ಟುಹೋದ ಮನೆಗಳು ಯಾವುವು, ಅವರನ್ನು ಹೇಗೆ ಒಪ್ಪಿಸಿದರು? ಆ ಬಿಟ್ಟುಹೋದ ಹತ್ತು ಮನೆಗಳ ಕಥೆ ಆ ಐದು ಸಾವಿರಕ್ಕಿಂತ ತೂಕದ್ದು.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಈ ಲೆಕ್ಕ ಬೇರೆ ರೀತಿಯದು. ಐಸಿಯುವಿನಲ್ಲಿ ಮೂತ್ರ ಹೊರತೆಗೆಯುವ ಕೊಳವೆ, ಅಂದರೆ ಕ್ಯಾಥೆಟರ್‌ನಿಂದ ಆಗುವ ಸೋಂಕು ಕಡಿಮೆ ಮಾಡಿದೆವು ಎಂದು ಬರೆಯಬೇಕಾದರೆ ಎಷ್ಟು ಸೋಂಕು ಎಂಬುದಷ್ಟೇ ಸಾಲದು. ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ 8 ಗಂಟೆಗೆ ಅಂತಿಟ್ಟುಕೊಳ್ಳಿ, ಎಷ್ಟು ರೋಗಿಗಳಿಗೆ ಕ್ಯಾಥೆಟರ್ ಇದೆ ಎಂದು ಎಣಿಸಿ ಬರೆದಿಡಬೇಕು. ತಿಂಗಳ ಎಣಿಕೆಯೆಲ್ಲ ಕೂಡಿದರೆ ಬರುವುದು ಕ್ಯಾಥೆಟರ್ ದಿನಗಳು. ಸೋಂಕಿನ ಸಂಖ್ಯೆಯನ್ನು ಅದರಿಂದ ಭಾಗಿಸಿ 1,000ದಿಂದ ಗುಣಿಸಿದರೆ ದರ ಸಿಗುತ್ತದೆ. ಮೂರು ತಿಂಗಳಲ್ಲಿ 900 ಕ್ಯಾಥೆಟರ್ ದಿನ, 6 ಸೋಂಕು ಎಂದಾದರೆ ಸಾವಿರಕ್ಕೆ 6.7. ಆಮೇಲಿನ ಮೂರು ತಿಂಗಳಲ್ಲಿ 750 ದಿನ, 2 ಸೋಂಕು ಎಂದಾದರೆ 2.7. ಈ ಲೆಕ್ಕದಲ್ಲಿ ಇನ್ನೊಂದು ಗೆಲುವು ಅಡಗಿದೆ, ಅದನ್ನು ಎತ್ತಿ ಹೇಳಬೇಕು: 900 ಇದ್ದದ್ದು 750ಕ್ಕೆ ಇಳಿದಿದೆ. ರೋಗಿಗಳ ಸಂಖ್ಯೆ ಅಷ್ಟೇ ಇದ್ದೂ ಇಳಿದಿದ್ದರೆ, ರೌಂಡ್ಸ್‌ನಲ್ಲಿ ‘ಇವರಿಗೆ ಇವತ್ತೂ ಕ್ಯಾಥೆಟರ್ ಬೇಕೇ?’ ಎಂದು ಆ ಸಿಸ್ಟರ್ ದಿನವೂ ಕೇಳಿದ್ದಾರೆ, ಬೇಡವಾದದ್ದನ್ನು ತೆಗೆಸಿದ್ದಾರೆ ಎಂದರ್ಥ. ಚೀಲವನ್ನು ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಕಟ್ಟಿಸಿದ್ದು, ಟ್ರಾಲಿಯಲ್ಲಿ ಸಾಗಿಸುವಾಗ ಅದನ್ನು ರೋಗಿಯ ಹೊಟ್ಟೆಯ ಮೇಲೆ ಇಡುವ ರೂಢಿ ತಪ್ಪಿಸಿದ್ದು, ಇಂಥ ಸಣ್ಣ ಸಂಗತಿಗಳನ್ನು ಬರೆಯಲು ಸಂಕೋಚ ಬೇಡ. ನರ್ಸಿಂಗ್ ಎಂದರೆ ಇದೇ.

ಮೂರು ತಿಂಗಳ ಅಂಕಿ ಮಾತ್ರ ಕೊಟ್ಟರೆ ಅದು ಅದೃಷ್ಟವೂ ಇರಬಹುದು ಎಂದು ತಿಳಿದವರು ಅನುಮಾನಿಸುತ್ತಾರೆ. ಹನ್ನೆರಡು ತಿಂಗಳಿನದು ಕೊಡಿ, ಮಧ್ಯೆ ಏರಿದ ತಿಂಗಳನ್ನೂ ಮುಚ್ಚಿಡಬೇಡಿ. ರೋಗಿಗಳು ಬೀಳುವ ಘಟನೆ, ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಒತ್ತಡದ ಹುಣ್ಣು ಇವುಗಳಲ್ಲಿ ಮೊದಲ ತಿಂಗಳು ಸಂಖ್ಯೆ ಹೆಚ್ಚಾಗುವುದೇ ಸಹಜ, ಏಕೆಂದರೆ ಅದುವರೆಗೆ ಯಾರೂ ಬರೆಯುತ್ತಿರಲಿಲ್ಲ. ‘ವರದಿ ಮಾಡಲು ಹೆದರಬೇಡಿ ಎಂದ ಮೇಲೆ ಸಂಖ್ಯೆ ಏರಿತು, ಆರನೆಯ ತಿಂಗಳಿಂದ ಇಳಿಯಿತು’ ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ನಂಬಿಕೆ ಹೆಚ್ಚುತ್ತದೆ.

ಜೊತೆಗೆ ಲಗತ್ತಿಸುವ ಪತ್ರಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ. ಜನಪ್ರತಿನಿಧಿಯ ಲೆಟರ್‌ಹೆಡ್‌ನಲ್ಲಿ ಬಂದ ಶಿಫಾರಸಿಗಿಂತ, ಅದೇ ಲೇಬರ್ ರೂಮಿನಲ್ಲಿ ರಾತ್ರಿ ಪಾಳಿ ಮಾಡಿದ ವೈದ್ಯರು ಒಂದು ನಿರ್ದಿಷ್ಟ ರಾತ್ರಿಯ ಬಗ್ಗೆ ಬರೆದ ಅರ್ಧ ಪುಟ ಮೇಲು. ಪಾರ್ಟೋಗ್ರಾಫ್‌ನಲ್ಲಿ (ಹೆರಿಗೆ ಮುಂದುವರಿಯುವುದನ್ನು ಗುರುತಿಸುವ ನಕ್ಷೆಯಲ್ಲಿ) ಗೆರೆ ಅಲರ್ಟ್ ಲೈನ್, ಅಂದರೆ ಎಚ್ಚರಿಕೆಯ ಗೆರೆ, ದಾಟಿದ್ದನ್ನು ಗಮನಿಸಿ ಇವರು ಕರೆದರು, ಇಷ್ಟು ಹೊತ್ತಿನಲ್ಲಿ ಜಿಲ್ಲಾಸ್ಪತ್ರೆಗೆ ಸಾಗಿಸಿದೆವು, ತಾಯಿ ಮಗು ಇಬ್ಬರೂ ಉಳಿದರು ಎಂಬಂಥದ್ದು. ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನದ ಫೋಟೊಗಳನ್ನು ಇಪ್ಪತ್ತು ಪುಟ ಸೇರಿಸುವವರಿದ್ದಾರೆ. ಅವು ಕಡತವನ್ನು ದಪ್ಪ ಮಾಡುತ್ತವೆ, ಗಟ್ಟಿ ಮಾಡುವುದಿಲ್ಲ. ಕಾರ್ಯಾಗಾರದಲ್ಲಿ ಭಾಗವಹಿಸಿದ ಪ್ರಮಾಣಪತ್ರಗಳೂ ಹಾಗೆಯೇ, ಎರಡು ಮೂರು ಸಾಕು. ರೋಗಿಯ ಮುಖ ಕಾಣುವ ಚಿತ್ರ, ಹೆಸರು, ಒಳರೋಗಿ (ಐಪಿ) ನಂಬರು ಇರುವ ಕೇಸ್‌ಶೀಟಿನ ಪ್ರತಿಯನ್ನು ಅನುಮತಿಯಿಲ್ಲದೆ ಲಗತ್ತಿಸಲೇಬಾರದು. ಎಚ್‌ಐವಿ, ಕ್ಷಯ, ಮಾನಸಿಕ ಆರೋಗ್ಯದ ಕೆಲಸ ಮಾಡಿದವರು ಇದರಲ್ಲಿ ಎರಡು ಪಟ್ಟು ಎಚ್ಚರ ವಹಿಸಬೇಕು. ಸೇವೆ ಪಡೆದವರ ಗುಟ್ಟು ಬಯಲಾಗಿ ಬರುವ ಪದಕ ನಮ್ಮ ವೃತ್ತಿಗೆ ಒಪ್ಪುವಂಥದ್ದಲ್ಲ.

ಇದೇ ಹೆಸರಿನ ಅಂತಾರಾಷ್ಟ್ರೀಯ ಪದಕವೊಂದಿದೆ, ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಜಿನೀವಾದ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಕೊಡುವ ಫ್ಲಾರೆನ್ಸ್ ನೈಟಿಂಗೇಲ್ ಪದಕ ಅದು. 1912ರಲ್ಲಿ ಸ್ಥಾಪನೆಯಾಗಿ 1920ರಲ್ಲಿ ಮೊದಲ ಬಾರಿ ನೀಡಿದರು. ಎರಡು ವರ್ಷಕ್ಕೊಮ್ಮೆ, ಜಗತ್ತಿಗೆಲ್ಲ ಸೇರಿ ಹೆಚ್ಚೆಂದರೆ 50. ನೇರವಾಗಿ ಅರ್ಜಿ ಹಾಕುವಂತಿಲ್ಲ, ಆಯಾ ದೇಶದ ರೆಡ್ ಕ್ರಾಸ್ ಅಥವಾ ರೆಡ್ ಕ್ರೆಸೆಂಟ್ ಸಂಸ್ಥೆ ಹೆಸರು ಕಳಿಸಬೇಕು. ನಮ್ಮಲ್ಲಿ ಭಾರತೀಯ ರೆಡ್ ಕ್ರಾಸ್ ಸಂಸ್ಥೆ. ಆ ಸಂಸ್ಥೆಯ ಜೊತೆಗಾಗಲಿ ಅದಕ್ಕೆ ಸೇರಿದ ನರ್ಸಿಂಗ್ ಸಂಸ್ಥೆಯ ಜೊತೆಗಾಗಲಿ ನಂಟು ಇರಬೇಕು. ಯುದ್ಧ, ನೆರೆ, ಭೂಕಂಪದಂಥ ಹೊತ್ತಿನಲ್ಲಿ ಗಾಯಾಳುಗಳಿಗೆ, ಸಂತ್ರಸ್ತರಿಗೆ ಅಸಾಧಾರಣ ಧೈರ್ಯದಿಂದ ಸೇವೆ ಮಾಡಿದವರಿಗೆ, ಇಲ್ಲವೇ ಸಾರ್ವಜನಿಕ ಆರೋಗ್ಯ ಮತ್ತು ನರ್ಸಿಂಗ್ ಶಿಕ್ಷಣದಲ್ಲಿ ಹೊಸ ದಾರಿ ತೆರೆದವರಿಗೆ ಇದು ಸಲ್ಲುತ್ತದೆ. ಗಂಡಸರು, ಹೆಂಗಸರು, ಸ್ವಯಂಸೇವಕ ಸಹಾಯಕರು ಎಲ್ಲರೂ ಅರ್ಹರು. ಸೇವೆಯಲ್ಲಿರುವಾಗಲೇ ಪ್ರಾಣ ಕಳೆದುಕೊಂಡವರಿಗೆ ಮರಣೋತ್ತರವಾಗಿಯೂ ಕೊಡುತ್ತಾರೆ. ಹೆಸರುಗಳು ಪ್ರಕಟವಾಗುವುದು ಮೇ 12ಕ್ಕೆ, 1820ರಲ್ಲಿ ನೈಟಿಂಗೇಲ್ ಹುಟ್ಟಿದ ದಿನ. ಪದಕ ಬೆಳ್ಳಿಯದು, ಚಿನ್ನದ ಲೇಪ. ಮುಂಬದಿಯಲ್ಲಿ ನೈಟಿಂಗೇಲ್ ಚಿತ್ರ, ಹಿಂಬದಿಯಲ್ಲಿ ಲ್ಯಾಟಿನ್ ಬರಹದ ನಡುವೆ ಪಡೆದವರ ಹೆಸರು. ಬಿಳಿ ಮತ್ತು ಕೆಂಪು ಪಟ್ಟಿಯ ರಿಬ್ಬನ್ ಇರುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ, ಐರ್ಲೆಂಡ್‌ಗೆ, ಬ್ರಿಟನ್ನಿಗೆ ಹೋದ ನಮ್ಮ ಸಿಸ್ಟರ್‌ಗಳಿಗೆ ಡೈಸಿ ಪ್ರಶಸ್ತಿ ಎಂಬ ಹೆಸರು ಗೊತ್ತಿರಬಹುದು. ನಮಗೆ ಇದರ ಮೇಲೆ ಹೆಚ್ಚು ಪ್ರೀತಿ. 1999ರಲ್ಲಿ ಅಮೆರಿಕದಲ್ಲಿ 33 ವರ್ಷದ ಪ್ಯಾಟ್ರಿಕ್ ಬಾರ್ನ್ಸ್ ಎಂಬವರು ಪ್ಲೇಟ್‌ಲೆಟ್ ಕಡಿಮೆಯಾಗುವ ಐಟಿಪಿ ಎಂಬ ಕಾಯಿಲೆಯ ತೊಡಕುಗಳಿಂದ ತೀರಿಕೊಂಡರು. ಅವರನ್ನು ನೋಡಿಕೊಂಡ ನರ್ಸುಗಳಿಗೆ ಕೃತಜ್ಞತೆ ಹೇಳಲೆಂದು ಮನೆಯವರು ಇದನ್ನು ಹುಟ್ಟುಹಾಕಿದರು. ಇಲ್ಲಿ ರೋಗಿಯೂ ಮನೆಯವರೂ ಹೆಸರು ಸೂಚಿಸಬಹುದು. ಸೇವಾ ಪುಸ್ತಕ, ಅನುಭವದ ವರ್ಷ ಯಾವುದೂ ಮುಖ್ಯವಲ್ಲ, ನಡೆದದ್ದನ್ನು ಬರೆದರೆ ಸಾಕು. ಆಯ್ಕೆಯಾದವರಿಗೆ ಜಿಂಬಾಬ್ವೆಯ ಶೋನಾ ಶಿಲ್ಪಿಗಳು ಕೈಯಿಂದ ಕೆತ್ತಿದ ಪುಟ್ಟ ಕಲ್ಲಿನ ಮೂರ್ತಿ ಕೊಡುತ್ತಾರೆ. ದಾಲ್ಚಿನ್ನಿ ರೋಲ್‌ಗಳನ್ನು ವಾರ್ಡಿನವರಿಗೆಲ್ಲ ಹಂಚುವ ರೂಢಿಯೂ ಇದೆ. ಕಾಯಿಲೆಯ ನಡುವೆ ಪ್ಯಾಟ್ರಿಕ್ ಅದನ್ನು ಬಯಸಿ ತರಿಸಿಕೊಂಡಿದ್ದರಂತೆ, ನರ್ಸುಗಳಿಗೂ ಹಂಚಲು ಹೇಳಿದ್ದರಂತೆ. ಇದಕ್ಕೆ ಬರೆಯುವ ಮನೆಯವರು ‘ತುಂಬಾ ಒಳ್ಳೆಯವರು’ ಎಂದು ನಿಲ್ಲಿಸಬಾರದು. ಅಮ್ಮನ ಕೂದಲು ಬಾಚಿ ಜಡೆ ಹಾಕಿದ್ದು, ಭಾಷೆ ಬಾರದ ಅಪ್ಪನಿಗೆ ನೋವು ಎಷ್ಟೆಂದು ಬೆರಳೆಣಿಸಿ ತೋರಿಸಲು ಕಲಿಸಿದ್ದು, ಅಂಥ ಒಂದು ಗಳಿಗೆ ಬರೆಯಿರಿ, ತಾರೀಖು ಮತ್ತು ವಾರ್ಡಿನ ಹೆಸರಿನ ಸಮೇತ.

ಹಣದ ಲೆಕ್ಕದಲ್ಲಿ ದೊಡ್ಡದು ಆಸ್ಟರ್ ಗಾರ್ಡಿಯನ್ಸ್ ಜಾಗತಿಕ ನರ್ಸಿಂಗ್ ಪ್ರಶಸ್ತಿ, 2,50,000 ಡಾಲರ್. 2022ರಲ್ಲಿ ಮೊದಲ ಬಾರಿ ದುಬೈಯಲ್ಲಿ ಕೀನ್ಯಾದ ಅನ್ನಾ ಕಬಾಲೆ ದುಬಾ ಪಡೆದರು. 2024ರ ಸಮಾರಂಭ ನಮ್ಮ ಬೆಂಗಳೂರಿನಲ್ಲೇ ನಡೆಯಿತು.

ಯಾವ ಪ್ರಶಸ್ತಿಯೇ ಆಗಲಿ, ತಮ್ಮ ಹೆಸರನ್ನು ತಾವೇ ಮುಂದೆ ಮಾಡಲು ಹಿಂಜರಿಯುವವರೇ ನಮ್ಮಲ್ಲಿ ಹೆಚ್ಚು. ಜನರಲ್ ವಾರ್ಡಿನಲ್ಲಿ ಸದಾ ರಾತ್ರಿ ಪಾಳಿ ಮಾಡುವವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಹಗಲಿನ ಅಧಿಕಾರಿಗಳು ಅವರನ್ನು ಕಂಡಿರುವುದೇ ಇಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳು, ತಾಲ್ಲೂಕು ಆರೋಗ್ಯಾಧಿಕಾರಿಗಳು ವರ್ಷಕ್ಕೊಮ್ಮೆ ಆ ಪಾಳಿಯ ಪಟ್ಟಿ ತೆಗೆದು ನೋಡಬೇಕು. ಸಿಸ್ಟರ್‌ಗಳೂ ಬ್ರದರ್‌ಗಳೂ ಇವತ್ತೇ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಪುಟಕ್ಕೆ ಐದು ಕಾಲಂ ಎಳೆಯಿರಿ: ತಾರೀಖು, ಕಂಡ ತೊಂದರೆ, ಮಾಡಿದ ಬದಲಾವಣೆ, ಮೊದಲಿನ ಮತ್ತು ಈಗಿನ ಅಂಕಿ, ನೋಡಿದವರು ಯಾರು. ರೋಗಿಯ ಹೆಸರು ಬೇಡ. ತಿಂಗಳ ಕೊನೆಯ ಪಾಳಿ ಮುಗಿಸಿ ಹೊರಡುವ ಮುಂಚೆ ಹತ್ತು ನಿಮಿಷ ಕೂತು ಒಂದು ಸಾಲಾದರೂ ತುಂಬಿಸಿ.