ಪಾತಾಳಗರಡಿ

ಮಂಗಳವಾರ ಮಧ್ಯಾಹ್ನ ಫೋನ್ ಬಂತು. "ಮೇಡಂ, ಎಲ್‌ಎಸ್ ಓಡ್ತಿಲ್ಲ."

ನಮ್ಮ ಹೊಸ ಹುಡುಗ. ಎಲ್‌ಎಸ್ ಅಂದರೆ ಫೈಲುಗಳ ಪಟ್ಟಿ ತೋರಿಸುವ ಕಮಾಂಡ್. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಸ್ಕ್ರೀನ್ ಮೇಲೆ ಏನು ಬರ್ತಿದೆ ಎಂದು ಕೇಳಿದೆ. ಬೇಕಾದ ಲೈಬ್ರರಿ ಸಿಗಲಿಲ್ಲ ಅಂತ ಬರ್ತಿದೆ ಎಂದ. ಸಿಪಿ, ಎಂವಿ, ಪಿಎಸ್, ಯಾವುದನ್ನು ಕೊಟ್ಟರೂ ಅದೇ ಉತ್ತರ. ನನ್ನ ಎದೆ ಧಸಕ್ ಎಂದಿತು.

"ಟರ್ಮಿನಲ್ ಮುಚ್ಚಿಲ್ಲ ತಾನೆ?"

"ಇಲ್ಲ ಮೇಡಂ. ಏನೂ ಮುಟ್ಟಿಲ್ಲ. ಮೊದಲು ನಿಮಗೇ ಫೋನ್ ಮಾಡಿದೆ."

ಈ ವಾರವೆಲ್ಲ ಆ ಮಾತೇ ಕಿವಿಯಲ್ಲಿದೆ. ಏನೂ ಮುಟ್ಟಿಲ್ಲ. ಅದೊಂದೇ ನಮ್ಮನ್ನು ಉಳಿಸಿದ್ದು.

ಆಗಿದ್ದು ಇಷ್ಟು. ಜೈಲ್ ಅಂದರೆ ಸರ್ವರಿನೊಳಗೇ ಬೇಲಿ ಹಾಕಿಟ್ಟ ಪುಟ್ಟ ಸರ್ವರ್. ಹಳೆಯ ಜೈಲ್ ಒಂದರೊಳಗೆ ಲಿಬ್ ಫೋಲ್ಡರಿನ, ಅಂದರೆ ಕಮಾಂಡುಗಳು ಬಳಸುವ ಸಿದ್ಧ ಕೋಡಿನ ಲೈಬ್ರರಿಗಳಿರುವ ಫೋಲ್ಡರಿನ, ಹೆಸರು ಬದಲಿಸಬೇಕಿತ್ತು. ಕೈತಪ್ಪಿ ಹಳೇ ಹೆಸರು, ಹೊಸ ಹೆಸರು ಎರಡರ ಮುಂದೂ ಸ್ಲ್ಯಾಶ್ ಬಿತ್ತು, ಅಂದರೆ ಸರ್ವರಿನ ಮೂಲ ಫೋಲ್ಡರಿನದ್ದು ಎಂದಾಯಿತು. ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ ಆಗಿದ್ದ, ಯಾರೂ ತಡೆಯಲಿಲ್ಲ. ಜೈಲಿನದ್ದು ಹಾಗೇ ಉಳಿಯಿತು, ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಓಡುವ ಸರ್ವರಿನ ಲಿಬ್ ಹೆಸರು ಬದಲಾಯಿತು. ಆಗಲೇ ಓಡುತ್ತಿದ್ದ ಪ್ರೋಗ್ರಾಂಗಳಿಗೆ ಏನೂ ಆಗಲಿಲ್ಲ, ಅವು ಬೇಕಾದ್ದನ್ನು ಮೊದಲೇ ಮೆಮೊರಿಗೆ ತಂದುಕೊಂಡಿದ್ದವು. ಹೊಸದಾಗಿ ಶುರುವಾಗಬೇಕಾದ್ದು ಒಂದೂ ಏಳಲಿಲ್ಲ. ಎಸ್‌ಎಸ್‌ಎಚ್ ಮೂಲಕ ದೂರದಿಂದ ಇನ್ನೊಂದು ಲಾಗಿನ್ ಕೂಡ ಸಾಧ್ಯವಿರಲಿಲ್ಲ. ಅವನ ಮುಂದೆ ತೆರೆದಿದ್ದ, ಕಮಾಂಡ್ ತೆಗೆದುಕೊಳ್ಳುವ ಆ ಒಂದು ಶೆಲ್ಲೇ ನಮಗಿದ್ದ ಬಾಗಿಲು.

ನಾನು ಬೆಳೆದಿದ್ದು ವಠಾರದಲ್ಲಿ. ಹತ್ತು ಮನೆಗೆ ಒಂದೇ ಬಾವಿ. ಕಮಾಂಡುಗಳೆಲ್ಲ ಒಂದೇ ಲೈಬ್ರರಿಯನ್ನು ಹಂಚಿಕೊಳ್ಳುವ ಡೈನಾಮಿಕ್ ಲಿಂಕಿಂಗ್ ಅಂದರೆ ನನಗೆ ಆ ಬಾವಿಯೇ ನೆನಪಾಗುತ್ತದೆ. ಮೊದಲು ಫ್ರೀಬಿಎಸ್‌ಡಿಯಲ್ಲಿ ಬಿನ್, ಎಸ್‌ಬಿನ್ ಫೋಲ್ಡರುಗಳ ಒಳಗಿನ ಕಮಾಂಡುಗಳೆಲ್ಲ ಸ್ಟಾಟಿಕ್. ಪ್ರತಿಯೊಂದು ತನಗೆ ಬೇಕಾದ ನೀರನ್ನು ತನ್ನ ಹಂಡೆಯಲ್ಲೇ ತುಂಬಿಟ್ಟುಕೊಂಡಿರುತ್ತಿತ್ತು. 2004ರ ಜನವರಿಯಲ್ಲಿ ಬಂದ 5.2 ಆವೃತ್ತಿಯಲ್ಲಿ ಅವನ್ನೂ ಬಾವಿಗೆ ಹೊಂದಿಸಿದರು. ಲೈಬ್ರರಿಗಳನ್ನು ಮೂಲ ಫೋಲ್ಡರಿನ ಕೆಳಗಿನ ಲಿಬ್‌ಗೆ ತಂದರು.

ಆಗ ನನಗೆ ಅದು ಸ್ವಲ್ಪವೂ ಇಷ್ಟವಾಗಿರಲಿಲ್ಲ. ಸಣ್ಣ ಕಮಾಂಡ್ ಓಡಿಸಿದರೂ ಪ್ರತಿ ಸಲ ಲಿಂಕರ್ ಎಂಬ ಜೋಡಿಸುವ ಪ್ರೋಗ್ರಾಂ ಎದ್ದು ಲೈಬ್ರರಿ ಹುಡುಕಬೇಕು, ಶೆಲ್ ಸ್ಕ್ರಿಪ್ಟುಗಳು ನಿಧಾನವಾಗುತ್ತವೆ. ಬಾವಿ ಕೆಟ್ಟರೆ ಎಲ್ಲ ಮನೆಗೂ ಬಾಯಾರಿಕೆ. ಈ ಎರಡು ಮಾತೂ ನಿಜವೇ. ಫ್ರೀಬಿಎಸ್‌ಡಿಯ ಸೋದರ ಸಿಸ್ಟಂ ಓಪನ್‌ಬಿಎಸ್‌ಡಿಯವರು ಇಂದಿಗೂ ಬಿನ್ ಅನ್ನು ಸ್ಟಾಟಿಕ್ ಆಗಿಯೇ ಇಟ್ಟುಕೊಂಡಿದ್ದಾರೆ, ಅದು ಹಟವಲ್ಲ. ಆದರೆ ಬದಲಾವಣೆ ಬೇಕು ಅಂದವರಿಗೂ ಗಟ್ಟಿ ಕಾರಣ ಇತ್ತು. ಬಳಕೆದಾರರ ಹೆಸರುಗಳು ಎಲ್‌ಡ್ಯಾಪ್ ಎಂಬ ಬೇರೊಂದು ಡೈರೆಕ್ಟರಿ ಸರ್ವರಿನಲ್ಲಿದ್ದರೆ, ಅವನ್ನು ತರುವ ಮಾಡ್ಯೂಲನ್ನು ಓಡುವಾಗಲೇ ಸೇರಿಸಿಕೊಳ್ಳಬೇಕು. ಸ್ಟಾಟಿಕ್ ಎಲ್‌ಎಸ್‌ಗೆ ಅದು ಆಗುತ್ತಿರಲಿಲ್ಲ, ಹೆಸರಿನ ಜಾಗದಲ್ಲಿ ಬರೀ ನಂಬರ್ ತೋರಿಸುತ್ತಿತ್ತು. ಎಲ್ಲಕ್ಕೂ ಬೇಕಾದ ಮೂಲ ಲೈಬ್ರರಿ ಲಿಬ್‌ಸಿಯಲ್ಲಿ ಒಂದು ಭದ್ರತೆಯ ತೂತು ಸಿಕ್ಕರೆ ಪ್ರತಿ ಕಮಾಂಡನ್ನೂ ಹೊಸದಾಗಿ ಕಟ್ಟಬೇಕಿತ್ತು. ಈಗ ಬಾವಿ ಒಂದನ್ನು ಶುಚಿ ಮಾಡಿದರೆ ಸಾಕು.

ಬದಲಾವಣೆ ತಂದವರ ಮೇಲೆ ನನಗೆ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ವಿರೋಧಿಸಿದವರ ಭಯವನ್ನು ಅವರು ತಳ್ಳಿಹಾಕಲಿಲ್ಲ. ರೆಸ್ಕ್ಯೂ ಅಂತ ಒಂದು ಫೋಲ್ಡರ್ ಇಟ್ಟರು. ಮುಖ್ಯ ಕಮಾಂಡುಗಳೆಲ್ಲ ಅದರಲ್ಲಿ ಸ್ಟಾಟಿಕ್ ಆಗಿಯೇ ಇವೆ. ಬಾವಿಯ ಹಂಗೇ ಇಲ್ಲ.

ಇಷ್ಟರಲ್ಲಿ ನಮ್ಮ ಮ್ಯಾನೇಜರ್ ಮೂರು ಸಲ "ಸುಮ್ನೆ ರೀಬೂಟ್ ಮಾಡಿ" ಅಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಗಾಬರಿಯಾದರೆ ಅವರಿಗೆ ಗೊತ್ತಿರುವುದು ಅದೊಂದೇ. ಮಾಡಿದ್ದರೆ ಸರ್ವರ್ ಪೂರ್ತಿ ಏಳುತ್ತಿರಲಿಲ್ಲ. ಏಳುವಾಗ ಓಡಬೇಕಾದ ಸ್ಕ್ರಿಪ್ಟುಗಳಿಗೂ ಶೆಲ್ ಬೇಕು, ಆ ಶೆಲ್ಲಿಗೂ ಲಿಬ್‌ಸಿ ಬೇಕು. ಯಾರಾದರೂ ಡೇಟಾ ಸೆಂಟರಿಗೆ ಓಡಬೇಕಾಗುತ್ತಿತ್ತು.

"ಎಕೋ ಸ್ಲ್ಯಾಶ್ ಸ್ಟಾರ್ ಅಂತ ಹೊಡಿ," ಎಂದೆ. ಎಕೋ ಶೆಲ್ಲಿನೊಳಗೇ ಇರುತ್ತದೆ, ಅದಕ್ಕೆ ಹೊರಗಿನ ಯಾವುದೂ ಬೇಡ. ಫೋಲ್ಡರುಗಳ ಪಟ್ಟಿ ಬಂತು. ಹೊಸ ಹೆಸರಿಟ್ಟುಕೊಂಡು ಲಿಬ್ ಅಲ್ಲೇ ಕೂತಿತ್ತು.

"ಈಗ ರೆಸ್ಕ್ಯೂ ಒಳಗಿನ ಎಂವಿಯಿಂದ ಹಳೇ ಹೆಸರು ವಾಪಸ್ ಕೊಡು. ಎಂಟರ್ ಒತ್ತೋ ಮುಂಚೆ ನಂಗೆ ಓದಿ ಹೇಳು."

ಓದಿದ. ಧ್ವನಿ ನಡುಗುತ್ತಿತ್ತು. ಒತ್ತು ಎಂದೆ.

"ಮೇಡಂ, ಎಲ್‌ಎಸ್ ಬಂತು."

ಏನೂ ಮುಟ್ಟಿಲ್ಲ ಎಂದು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು ಗೊತ್ತಾ? ತಪ್ಪು ಮಾಡಿದ ಕೈ ಅದನ್ನು ಮುಚ್ಚಲು ಇನ್ನೊಂದು ತಪ್ಪು ಮಾಡುತ್ತದೆ. ಅನುಭವ ಇರುವವರೇ ಹೀಗೆ ಸಿಕ್ಕಿಬಿದ್ದಿದ್ದನ್ನು ನೋಡಿದ್ದೇನೆ. ಬೈದು ಬೈದು ನಾವೇ ಹುಡುಗರಿಗೆ ಮುಚ್ಚಿಡುವುದನ್ನು ಕಲಿಸುತ್ತೇವೆ. ಇವನಿಗೆ ಇನ್ನೂ ಯಾರೂ ಅದನ್ನು ಕಲಿಸಿಲ್ಲ. ನನ್ನ ಕೈಯಲ್ಲಂತೂ ಕಲಿಯಬಾರದು.

ಮರುದಿನ ಲ್ಯಾಪ್‌ಟಾಪ್ ಹಿಡಿದು ನನ್ನ ಟೇಬಲ್ಲಿಗೆ ಬಂದ. ರೆಸ್ಕ್ಯೂ ಫೋಲ್ಡರನ್ನು ಐನೋಡ್ ನಂಬರುಗಳ, ಅಂದರೆ ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಇರುವ ಗುರುತಿನ ನಂಬರುಗಳ, ಸಮೇತ ತೆರೆದಿದ್ದ.

"ಮೇಡಂ, ಇಲ್ನೋಡಿ. ಎಲ್‌ಎಸ್, ಎಂವಿ, ಟಾರ್, ಎಲ್ಲಕ್ಕೂ ಒಂದೇ ನಂಬರ್. ಎಲ್ಲಾ ಒಂದೇ ಫೈಲಾ?"

"ಹೌದು. ಹೆಸರು ಮಾತ್ರ ಬೇರೆ ಬೇರೆ."

ವಠಾರದ ಮೂಲೆಮನೆಯ ಅಜ್ಜಿಯ ಹತ್ತಿರ ಒಂದು ಪಾತಾಳಗರಡಿ ಇತ್ತು. ಒಂದೇ ಬಳೆಗೆ ಎಷ್ಟೋ ಕೊಕ್ಕೆ. ಬಾವಿಗೆ ಕೊಡ ಬಿದ್ದ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಅವನಿಗೆ ಅದನ್ನು ಹೇಳಿದೆ. ಪಾತಾಳಗರಡಿ ಅಂದರೇನು ಮೇಡಂ ಎಂದು ಕೇಳಿದ. ಕುರ್ಚಿ ಎಳೆದುಕೊಂಡು ಕೂತ್ಕೋ ಎಂದೆ.